ಶಾಲೆಯ ಅನುದಾನ, ಅಧ್ಯಾಪಕರ ಸೇವಾವಧಿ

ಹಳೆಯ ಮೈಸೂರು ಸೀಮೆಯ ಸ್ಥಳನಾಮಗಳಲ್ಲಿ ‘ಕಾವಲು’ ಎಂಬ ಪದ ಅಲ್ಲಲ್ಲಿ ಕಾಣಸಿಗುತ್ತದೆ. ಹುಲ್ಲಿಗಾಗಿಯೋ ದನಗಳ ಮೇವಿಗಾಗಿಯೋ ಬೆಲೆಯುಳ್ಳ ಮರಗಳಿಗಾಗಿಯೋ ಸರ್ಕಾರವು ಕಾಯ್ದಿರಿಸಿದ ನೆಲಕ್ಕೆ ಈ ಹೆಸರು ಸಲ್ಲುತ್ತಿತ್ತು. ಅಮೃತಮಹಲ್ ಕಾವಲುಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ, ಸುಂಕದಕಟ್ಟೆಗೆ ಸಮೀಪವಾಗಿರುವ ಶ್ರೀಗಂಧದ ಕಾವಲ್ ಅಂತಹ ಒಂದು ಸ್ಮರಣೆಯನ್ನು ತನ್ನ ಹೆಸರಿನಲ್ಲಿ ಉಳಿಸಿಕೊಂಡಿದೆ. ಇಂದು ಅಲ್ಲಿ ಗಂಧದ ಮರವನ್ನು ಅರಸಿಕೊಂಡು ಹೋದವರಿಗೆ ದೊರೆಯುವುದು ಒತ್ತೊತ್ತಾದ ಮನೆಗಳು, ಬಾಡಿಗೆಯ ಕೊಠಡಿಗಳು, ಪೀಣ್ಯದ ಕಾರ್ಖಾನೆಗಳಿಗೂ ಸಿದ್ಧ ಉಡುಪಿನ ಘಟಕಗಳಿಗೂ ಬೆಳಗಿನಲ್ಲಿಯೇ ಹೊರಡುವ ಜನ, ಅವರ ಮಕ್ಕಳನ್ನು ತುಂಬಿಕೊಂಡು ಸಾಗುವ ಶಾಲಾ ವಾಹನಗಳು.

ಗಂಧದ ಮರದ ವಿಚಾರದಲ್ಲಿ ಒಂದು ವಿಚಿತ್ರ ನಿಯಮ ಬಹುಕಾಲ ನಡೆದುಬಂದಿತು. ಮರವು ರೈತನ ಹೊಲದಲ್ಲಿ ತಾನೇ ತಾನಾಗಿ ಹುಟ್ಟಿದರೂ ಅದರ ಒಡೆತನ ಸರ್ಕಾರದ್ದು. ಕಾಯುವ ಹೊಣೆ ಒಬ್ಬನದು, ಫಲ ಇನ್ನೊಬ್ಬರದು ಎಂದಾದಾಗ ಆಗುವುದೇ ಇಲ್ಲಿಯೂ ಆಯಿತು: ಗಂಧದ ಸಸಿ ಕಣ್ಣಿಗೆ ಬಿದ್ದೊಡನೆ ಅದನ್ನು ಕಿತ್ತೊಗೆದು ನೆಮ್ಮದಿಯಾಗಿದ್ದ ರೈತರು ಕಡಿಮೆಯಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ನೆಲದ ಒಡೆಯನಿಗೇ ಮರದ ಒಡೆತನ ದೊರೆತ ಮೇಲೆ ಈ ಸ್ಥಿತಿ ಬದಲಾಯಿತು. ಶಾಲೆಯ ಅನುದಾನವನ್ನು ಕುರಿತು ಹೇಳಹೊರಟಾಗ ಗಂಧದ ಮರವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಅನುದಾನಿತ ಶಾಲೆಗಳ ಅಧ್ಯಾಪಕರ ಸ್ಥಿತಿ ಅನೇಕ ಅಂಶಗಳಲ್ಲಿ ಆ ಮರದ ಸ್ಥಿತಿಯನ್ನೇ ಹೋಲುತ್ತದೆ. ಅವರನ್ನು ನೇಮಿಸುವುದು ಖಾಸಗಿ ಆಡಳಿತ ಮಂಡಳಿ. ವೇತನ ಕೊಡುವುದು ಸರ್ಕಾರ. ಶಿಸ್ತಿನ ಕ್ರಮ ಮಂಡಳಿಯದು, ಅದಕ್ಕೆ ಕಟ್ಟಳೆ ಸರ್ಕಾರದ್ದು. ನೆಲ ಒಬ್ಬರದು, ಮರ ಮತ್ತೊಬ್ಬರದು. ವಿವಾದವೇಳುವವರೆಗೆ ಎಲ್ಲವೂ ಸುಗಮ. ಎದ್ದಾಗ ಇಬ್ಬರೂ ಕೈ ತೊಳೆದುಕೊಳ್ಳುವುದು ಸುಲಭ.

ಈ ಏರ್ಪಾಡು ಹೊಸತಲ್ಲ. 1854ರ ವುಡ್ ಶಿಕ್ಷಣ ಸಂದೇಶವು ಖಾಸಗಿ ಶಾಲೆಗಳಿಗೆ ಸರ್ಕಾರದ ಬೊಕ್ಕಸದಿಂದ ಸಹಾಯಧನ ಕೊಡುವ ತತ್ತ್ವವನ್ನು ಭಾರತದಲ್ಲಿ ಸ್ಥಾಪಿಸಿತು. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದಾಗ, ಹಳ್ಳಿಯ ಜನ ಕೊಡುತ್ತಿದ್ದ ದವಸಧಾನ್ಯದ ಮೇಲೆ ಬದುಕುತ್ತಿದ್ದ ಐಗಳ ಮಠದ ಗುರುಗಳ ಕಾಲ ಮುಗಿಯುತ್ತ ಬಂದು, ತಿಂಗಳ ಸಂಬಳದ ಮೇಷ್ಟ್ರ ಕಾಲ ಆರಂಭವಾಯಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬೇರೊಂದು ಪದ್ಧತಿಯನ್ನು ಅನುಸರಿಸಲಾಯಿತು. ಅಲ್ಲಿ ಖಾಸಗಿ ಶಾಲೆಗೆ ಸಿಗುವ ಧನ ಮಕ್ಕಳ ಪರೀಕ್ಷಾ ಫಲಿತಾಂಶವನ್ನು ಅವಲಂಬಿಸಿತ್ತು. ತಪಾಸಣಾಧಿಕಾರಿಯ ಮುಂದೆ ಹುಡುಗ ತಡವರಿಸಿದರೆ ಮೇಷ್ಟ್ರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತಿತ್ತು. ಆ ಪದ್ಧತಿ ತೊಲಗಿತು. ಆದರೆ ಫಲಿತಾಂಶ ತಗ್ಗಿದರೆ ಅನುದಾನಕ್ಕೆ ಕೈಹಾಕುತ್ತೇವೆಂಬ ಬೆದರಿಕೆ ಇಂದಿಗೂ ಆಗಾಗ ಕೇಳಿಬರುವುದುಂಟು.

ಏಕೀಕರಣದ ನಂತರ ಅನುದಾನದ ಸ್ವರೂಪ ಕ್ರಮೇಣ ಬದಲಾಯಿತು. ಮೊದಲು ಅದು ಶಾಲೆಯ ಒಟ್ಟು ವೆಚ್ಚದಲ್ಲಿ ಒಂದು ಪಾಲು. ಮುಂದೆ ಮಂಜೂರಾದ ಹುದ್ದೆಗಳಿಗೆ ಸಲ್ಲುವ ವೇತನಾನುದಾನವೇ ಅದರ ಮುಖ್ಯಾಂಗವಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅನುದಾನವೆಂಬುದು ಶಾಲೆಗೆ ಕೊಡುವ ಹಣವೆಂದು ಸಾಮಾನ್ಯ ಜನರ ತಿಳಿವಳಿಕೆ. ವಸ್ತುತಃ ಅದು ಹುದ್ದೆಗೆ ಕೊಡುವ ಹಣ. ಹುದ್ದೆಗೆ ಅನುಮೋದನೆಯಿಲ್ಲದಿದ್ದರೆ, ಅನುದಾನಿತ ಶಾಲೆಯಲ್ಲಿಯೂ ಅನುದಾನರಹಿತ ಅಧ್ಯಾಪಕರಿರುತ್ತಾರೆ. ಒಂದೇ ಕೊಠಡಿಯಲ್ಲಿ ಕುಳಿತು ಚಹಾ ಕುಡಿಯುವ ಇಬ್ಬರಲ್ಲಿ ಒಬ್ಬರಿಗೆ ಸರ್ಕಾರಿ ವೇತನಶ್ರೇಣಿ, ಇನ್ನೊಬ್ಬರಿಗೆ ಮಂಡಳಿ ಕೊಟ್ಟಷ್ಟು. ಇಬ್ಬರೂ ಕಲಿಸುವುದು ಅದೇ ಪಾಠ, ಅದೇ ಮಕ್ಕಳಿಗೆ. 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆಯು ಮನಬಂದಂತೆ ಕೆಲಸದಿಂದ ತೆಗೆಯುವುದಕ್ಕೆ ತಡೆಯೊಡ್ಡಿತು. 1983ರಲ್ಲಿ ಅಂಗೀಕಾರವಾಗಿ 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯು ಶಾಲೆಗಳ ಮಾನ್ಯತೆ, ಅನುದಾನ, ಸಿಬ್ಬಂದಿ ಇವೆಲ್ಲವನ್ನೂ ಒಂದೇ ಶಾಸನದ ಕೆಳಗೆ ತಂದಿತು. ಅನುದಾನ ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಸರ್ಕಾರವು ನೀತಿಯಾಗಿ ಕೊಡಬಹುದು, ನೀತಿಯಾಗಿ ನಿಲ್ಲಿಸಲೂಬಹುದು.

ಹಾಗೆ ನಿಲ್ಲಿಸಿದ ಒಂದು ಗೆರೆ 1987ರ ಗೆರೆ. ಆ ವರ್ಷದ ಜೂನ್ ನಂತರ ಆರಂಭವಾದ ಖಾಸಗಿ ಶಾಲೆಗಳಿಗೆ ಅನುದಾನವಿಲ್ಲವೆಂಬ ಧೋರಣೆಯನ್ನು ರಾಜ್ಯ ಸರ್ಕಾರ ತಳೆಯಿತು. 1987ರಿಂದ 1995ರ ವರೆಗಿನ ಅವಧಿಯ ಕನ್ನಡ ಮಾಧ್ಯಮದ ಶಾಲೆಗಳನ್ನು ಬಹಳ ಹೋರಾಟದ ತರುವಾಯ ಷರತ್ತುಗಳಿಗೆ ಒಳಪಡಿಸಿ ಹಂತಹಂತವಾಗಿ ಸೇರಿಸಿಕೊಳ್ಳಲಾಯಿತು. ಕೆಲವು ವಿಶೇಷ ವರ್ಗದ ಸಂಸ್ಥೆಗಳನ್ನು ಬಿಟ್ಟರೆ, 1995ರ ನಂತರದ ಕನ್ನಡ ಶಾಲೆಗಳು ಹೊರಗೇ ಉಳಿದವು. ಅವನ್ನೂ ಒಳಕ್ಕೆ ಕರೆಯಬೇಕೆಂಬ ಬೇಡಿಕೆ ಅಧಿವೇಶನದಿಂದ ಅಧಿವೇಶನಕ್ಕೆ ಸಾಗಿಬಂದಿದೆ.

ಕಾಲದ ಈ ಗೆರೆ ನೆಲದ ಮೇಲೆ ಹೇಗೆ ಮೂಡಿತೆಂಬುದನ್ನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸ್ಪಷ್ಟವಾಗಿ ಕಾಣಬಹುದು. ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸತರಲ್ಲಿ ರೂಪುಗೊಂಡ ಬಡಾವಣೆ. ವಿಜಯನಗರ, ಬಸವೇಶ್ವರನಗರಗಳು ಆಮೇಲಿನವು. ಆದರೂ 1987ಕ್ಕೆ ಮುನ್ನವೇ ಜನವಸತಿಯಾದಂಥವು. ಅಲ್ಲಿನ ಸಂಘಸಂಸ್ಥೆಗಳು ಕಟ್ಟಿದ ಕನ್ನಡ ಶಾಲೆಗಳು ಅನುದಾನದ ಬಾಗಿಲು ತೆರೆದಿದ್ದಾಗಲೇ ಒಳಹೊಕ್ಕವು. ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೇರೋಹಳ್ಳಿಗಳ ಕಡೆಗೆ ಮನೆಗಳು ದಟ್ಟವಾಗಿ ಎದ್ದದ್ದು ಬಹುಮಟ್ಟಿಗೆ ಆ ಗೆರೆಯ ಈಚೆಗೆ. ಸುತ್ತಣ ಹಲವು ಹಳ್ಳಿಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದ ಎಲ್ಲೆಯೊಳಗೆ ಬಂದವು. ಜನ ಬಂದರು, ಶಾಲೆ ಬೇಕಾಯಿತು. ಆದರೆ ಅನುದಾನದ ನೆರವಿನಿಂದ ಕನ್ನಡ ಶಾಲೆಯನ್ನು ತೆರೆಯುವ ದಾರಿ ಆಗಲೇ ಮುಚ್ಚಿತ್ತು. ಆದ್ದರಿಂದ ತೆರೆದವು ಶುಲ್ಕದ ಶಾಲೆಗಳು. ಶುಲ್ಕ ಕೇಳಬೇಕಾದ್ದರಿಂದ ಇಂಗ್ಲಿಷಿನ ಫಲಕ ಅನಿವಾರ್ಯವಾಯಿತು. ಕಾರ್ಖಾನೆಯ ಕೆಲಸಗಾರನ ಕೈಗೆ ಎಟುಕುವಷ್ಟು ಶುಲ್ಕವನ್ನಿಟ್ಟು ಶಾಲೆ ನಡೆಯಬೇಕಾದರೆ ವೆಚ್ಚದಲ್ಲಿ ಕಡಿತವಾಗಬೇಕು. ಕಟ್ಟಡದ ಬಾಡಿಗೆ ಕಡಿತವಾಗದು, ವಾಹನದ ಎಣ್ಣೆ ಕಡಿತವಾಗದು. ಕಡಿತಕ್ಕೆ ಉಳಿದದ್ದು ಅಧ್ಯಾಪಕಿಯ ಸಂಬಳ. ಕನ್ನಡ ಮಾಧ್ಯಮ ನಗರದಲ್ಲಿ ಏಕೆ ಕೃಶವಾಯಿತೆಂಬುದಕ್ಕೆ ತಾಯಂದಿರ ಇಂಗ್ಲಿಷ್ ವ್ಯಾಮೋಹವನ್ನೇ ದೂರುವ ಭಾಷಣಗಳು ಬಹಳ. ಈ ಲೆಕ್ಕವನ್ನು ಮುಂದಿಟ್ಟವರು ವಿರಳ.

ಇನ್ನು ಅನುದಾನ ದೊರೆತ ಶಾಲೆಗಳ ಅಧ್ಯಾಪಕರೆಲ್ಲರೂ ಸುಖಿಗಳೇ ಎಂದರೆ ಹಾಗೂ ಇಲ್ಲ. ಒಂದು ಉದಾಹರಣೆಯಿಂದ ವಿಷಯ ವಿಶದವಾದೀತು. 1992ರಲ್ಲಿ ಆರಂಭವಾದ ಒಂದು ಕನ್ನಡ ಪ್ರೌಢಶಾಲೆಗೆ ಅದೇ ವರ್ಷ ಅಧ್ಯಾಪಕಿಯೊಬ್ಬರು ಸೇರಿದರೆಂದು ಭಾವಿಸೋಣ. ಶಾಲೆ 2008ರಲ್ಲಿ ಅನುದಾನಕ್ಕೆ ಒಳಪಟ್ಟಿತು. ಅವರು 2022ರಲ್ಲಿ ನಿವೃತ್ತರಾದರು. ಕಲಿಸಿದ್ದು 30 ವರ್ಷ. ಸರ್ಕಾರದ ಲೆಕ್ಕಕ್ಕೆ ಬಂದದ್ದು 14 ವರ್ಷ. ಮೊದಲ 16 ವರ್ಷಗಳು ವೇತನ ನಿಗದಿಗೂ ಇಲ್ಲ, ಬಡ್ತಿಗೂ ಇಲ್ಲ, ನಿವೃತ್ತಿ ಸೌಲಭ್ಯಕ್ಕೂ ಇಲ್ಲ. ಆ ವರ್ಷಗಳಲ್ಲಿ ಅವರು ವೇತನ ಪಡೆದಿದ್ದಂತೆಯೇ ಭಾವಿಸಿ, ಹಿಂದಿನ ಬಾಕಿಯನ್ನು ಕೊಡದಿದ್ದರೂ ವಾರ್ಷಿಕ ಬಡ್ತಿಗಳನ್ನು ಲೆಕ್ಕಹಾಕಿ ಇಂದಿನ ಮೂಲವೇತನವನ್ನು ನಿಗದಿಮಾಡಬೇಕೆಂಬ ಬೇಡಿಕೆಗೆ ‘ಕಾಲ್ಪನಿಕ ವೇತನ’ ಎಂಬ ಹೆಸರು ಬಿದ್ದಿದೆ. ಹೆಸರೇನೋ ಕಚೇರಿಯ ಭಾಷೆಯದು. ಆದರೆ ಕೇಳಿದವರಿಗೆ ವೇತನವಷ್ಟೇ ಅಲ್ಲ, ಆ 16 ವರ್ಷಗಳ ಪಾಠವೂ ಕಲ್ಪನೆಯೇ ಎನಿಸಬೇಕು! ನ್ಯಾಯಾಲಯಗಳ ಮೆಟ್ಟಿಲೇರಿದ ಅನೇಕರ ಆಸೆಗೆ 2014ರ ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಮತ್ತು ಇತರ ಸೌಲಭ್ಯಗಳ ನಿಯಂತ್ರಣ ಕಾಯಿದೆ ಅಡ್ಡವಾಯಿತು; ಅನುದಾನಕ್ಕೆ ಒಳಪಡುವ ಮುಂಚಿನ ಸೇವೆಯನ್ನು ಪರಿಗಣಿಸತಕ್ಕದ್ದಲ್ಲವೆಂದು ಅದು ವಿಧಿಸಿತು. ತಾವೇ ದೈಹಿಕ ಶಿಕ್ಷಣದ ಅಧ್ಯಾಪಕರಾಗಿದ್ದು ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆರಿಸಿಬಂದ ಬಸವರಾಜ ಹೊರಟ್ಟಿಯವರ ಅಧ್ಯಕ್ಷತೆಯ ಸಮಿತಿಯೊಂದು ಈ ವಿಷಯವನ್ನು ಪರಿಶೀಲಿಸಿ ವರದಿಯನ್ನೂ ಒಪ್ಪಿಸಿತು. ಆ ವರದಿಯನ್ನು ಜಾರಿಗೆ ತರಬೇಕೆಂಬುದೇ ಮುಂದೆ ಒಂದು ಬೇಡಿಕೆಯಾಗಿ ಬೆಳೆಯಿತು.

ಇದರ ಜೊತೆಗೆ ಇನ್ನೊಂದು ತೊಡಕುಂಟು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಹೊಸದಾಗಿ ಸರ್ಕಾರಿ ಸೇವೆಗೆ ಸೇರುವವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ವಂತಿಗೆಯ ಆಧಾರದ ನೂತನ ಪಿಂಚಣಿ ವ್ಯವಸ್ಥೆ ಬಂದಿತು. ಮೇಲಿನ ಅಧ್ಯಾಪಕಿ ಕೆಲಸಕ್ಕೆ ಸೇರಿದ್ದು 1992ರಲ್ಲಾದರೂ ಅವರ ಹುದ್ದೆಗೆ ಅನುದಾನ ಬಂದದ್ದು 2008ರಲ್ಲಿ. ಆದಕಾರಣ ಹಳೆಯ ಪಿಂಚಣಿಯ ಬಾಗಿಲಿಗೆ ಅವರು ಎರಡು ವರ್ಷ ತಡವಾಗಿ ಬಂದರು. ಹೊಸ ವ್ಯವಸ್ಥೆಯಲ್ಲಿ ನೌಕರನ ವಂತಿಗೆಯ ಜೊತೆಗೆ ಮಾಲೀಕನ ಪಾಲೂ ಸೇರಬೇಕು. ಅನುದಾನಿತ ಶಾಲೆಯಲ್ಲಿ ಮಾಲೀಕ ಯಾರು? ವೇತನ ಕೊಡುವ ಸರ್ಕಾರವೇ, ನೇಮಿಸಿದ ಮಂಡಳಿಯೇ? ನೆಲದೊಡೆಯನೂ ಮರದೊಡೆಯನೂ ಪರಸ್ಪರ ಬೆರಳು ತೋರುವ ಸ್ಥಳವಿದು. ಹೀಗೆ ಬೆರಳು ತೋರುತ್ತಿರುವಾಗಲೇ ಅಧ್ಯಾಪಕರ ಒಂದು ಪೀಳಿಗೆ ನಿವೃತ್ತಿಯ ವಯಸ್ಸನ್ನು ಮುಟ್ಟಿತು.

ಅನುದಾನವಿಲ್ಲದ ವರ್ಷಗಳಲ್ಲಿ ಈ ಜನ ಹೇಗೆ ದುಡಿದರು ಎಂಬ ಪ್ರಶ್ನೆಗೆ ಸಭೆಗಳಲ್ಲಿ ದೊರೆಯುವ ಉತ್ತರ ‘ಸೇವಾಭಾವದಿಂದ’ ಎಂಬುದು. ನಮ್ಮ ವಿದ್ಯಾಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಇದಕ್ಕೆ ‘ಕಾಯಕ’ವೆಂಬ ಹೆಸರನ್ನೂ ಕೊಡುವುದುಂಟು. ಇಲ್ಲಿ ಪದಪ್ರಯೋಗದ ಬಗ್ಗೆ ಸ್ವಲ್ಪ ಎಚ್ಚರ ಅಗತ್ಯ. ಶರಣರ ಕಾಯಕ ಕೂಲಿಯಿಲ್ಲದ ದುಡಿಮೆಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅವಶ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸೆಂದು ಲಕ್ಕಮ್ಮ ಹೇಳಿದ ಪ್ರಸಂಗ ವಾಚಕರಿಗೆಲ್ಲ ತಿಳಿದದ್ದೇ. ಹೆಚ್ಚಿಗೆ ತರಬಾರದೆಂದು ಆಕೆ ಹೇಳಿದಳೇ ಹೊರತು ಬರಿಗೈಯಲ್ಲಿ ಬಾ ಎನ್ನಲಿಲ್ಲ. ನುಲಿಯ ಚಂದಯ್ಯ ಹಗ್ಗವನ್ನು ಹೊಸೆದು, ಮಾರಿ, ಸಲ್ಲುವ ಬೆಲೆಯನ್ನು ಪಡೆದು, ಆಮೇಲೆ ದಾಸೋಹ ಮಾಡಿದನು. ದಾಸೋಹಕ್ಕೆ ಮೊದಲು ಕಾಯಕದ ಪ್ರತಿಫಲ ಕೈಸೇರಬೇಕು; ಸೇರದವನು ಏನನ್ನು ತಾನೇ ನೀಡಿಯಾನು? ಅಧ್ಯಾಪಕನಿಗೆ ಸಲ್ಲಬೇಕಾದುದನ್ನು ತಡೆಹಿಡಿದು, ತಡೆಹಿಡಿದುದಕ್ಕೆ ಕಾಯಕವೆಂದು ಹೆಸರಿಡುವುದು ವಚನಗಳ ಅರ್ಥಕ್ಕೆ ಮಾಡಿದ ಅಪಚಾರ. ಮಠಗಳು ನಡೆಸುವ ಶಾಲೆಗಳೂ ಈ ಮಾತಿನಿಂದ ಹೊರತಾಗಬೇಕಿಲ್ಲ.

ಇದಕ್ಕೆ ಪ್ರತಿಯಾಗಿ ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ನಿದರ್ಶನವನ್ನು ಕೊಡುವವರಿದ್ದಾರೆ. 1916ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಸಪ್ತರ್ಷಿಗಳೆಂದೇ ನಾಡು ಕರೆಯಿತು. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಆ ಬಳಗದವರು. ಪದವೀಧರರಾದ ಅವರಿಗೆ ಅಂದಿನ ಸರ್ಕಾರದಲ್ಲಿ ಒಳ್ಳೆಯ ಹುದ್ದೆಗಳು ದುರ್ಲಭವಾಗಿರಲಿಲ್ಲ. ಅವನ್ನು ಬಿಟ್ಟು ಆಜೀವ ಸದಸ್ಯರಾಗಿ ಅಲ್ಪವೇತನಕ್ಕೆ ದುಡಿದರು. ಬಸವನಾಳರು ಆ ದುಡಿಮೆಯ ನಡುವೆಯೇ ಬಸವಣ್ಣನವರ ವಚನಗಳ ಪರಿಷ್ಕರಣಕ್ಕೂ ಕೈಹಾಕಿದರು. ಇಂತಹ ತ್ಯಾಗ ನಮಸ್ಕಾರಯೋಗ್ಯ, ಸಂದೇಹವಿಲ್ಲ. ಆದರೆ ಒಂದು ಭೇದವನ್ನು ಮರೆಯಲಾಗದು. ಅಲ್ಪವೇತನವನ್ನು ಅವರಿಗೆ ಇನ್ನೊಬ್ಬರು ಗೊತ್ತುಮಾಡಲಿಲ್ಲ. ತಮಗೆ ತಾವೇ ಗೊತ್ತುಮಾಡಿಕೊಂಡರು. ಸಂಸ್ಥೆಯ ಆಡಳಿತದಲ್ಲಿ ಅವರೇ ಇದ್ದರು. ಲೆಕ್ಕಪತ್ರ ಅವರ ಕಣ್ಣಮುಂದಿತ್ತು. ಇಂದಿನ ಬಡಾವಣೆಯ ಶಾಲೆಯ ಅಧ್ಯಾಪಕಿಗೆ ಮಂಡಳಿಯಲ್ಲಿ ಸ್ಥಾನವಿಲ್ಲ, ಲೆಕ್ಕ ಕೇಳುವ ಅಧಿಕಾರವಿಲ್ಲ. ಬಟವಾಡೆ ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಹಾಕಿ ಕೈಗೆ ಇನ್ನೊಂದು ಮೊತ್ತ ಪಡೆದ ಕಥೆಗಳೂ ಶಿಕ್ಷಕರ ನಡುವೆ ಅಪರೂಪವಲ್ಲ. ಇಬ್ಬರ ಸಂಬಳ ಒಂದೇ ತೆರನಾಗಿ ಅಲ್ಪವಾದರೂ ಒಂದು ತ್ಯಾಗ, ಇನ್ನೊಂದು ನಷ್ಟ.

ಕಾನೂನು ಈ ಅಧ್ಯಾಪಕರನ್ನು ಎಷ್ಟು ತಡವಾಗಿ ಗುರುತಿಸಿತೆಂಬುದಕ್ಕೆ ಉಪದಾನದ, ಎಂದರೆ ಗ್ರ್ಯಾಚುಯಿಟಿಯ, ವೃತ್ತಾಂತವನ್ನು ನೋಡಬಹುದು. 1972ರ ಉಪದಾನ ಕಾಯಿದೆಯಲ್ಲಿ ‘ನೌಕರ’ ಎಂಬ ಪದಕ್ಕೆ ಕೊಟ್ಟ ವಿವರಣೆ ಅಧ್ಯಾಪಕರಿಗೆ ಅನ್ವಯಿಸದೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು: ಶಾಲೆಯ ಗುಮಾಸ್ತನಿಗೆ ಉಪದಾನವುಂಟು, ಪಾಠ ಹೇಳುವವರಿಗಿಲ್ಲ! ಸಂಸತ್ತು 2009ರಲ್ಲಿ ಆ ವಿವರಣೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳ ಸಂಘಟನೆಗಳು ಇದನ್ನು ಪ್ರಶ್ನಿಸಿದವು; 2022ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದರಂತೆ, 10 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಶಾಲೆಯಲ್ಲಿ ಐದು ವರ್ಷ ಸತತ ಸೇವೆ ಸಲ್ಲಿಸಿದ ಅಧ್ಯಾಪಕರಿಗೆ, ಶಾಲೆ ಅನುದಾನರಹಿತವಾದರೂ, ವರ್ಷವೊಂದಕ್ಕೆ 15 ದಿನಗಳ ವೇತನದಂತೆ ಉಪದಾನ ಸಲ್ಲತಕ್ಕದ್ದು. ಈ ಸಂಗತಿಯನ್ನು ಅರಿಯದೆ ಬರಿಗೈಯಲ್ಲಿ ಮನೆಗೆ ಹೋದವರ ಸಂಖ್ಯೆ ದೊಡ್ಡದೇ ಇರಬೇಕು.

ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಕೈಯಿಂದ ಹಣ ಕೊಟ್ಟ ಒಂದು ಸಂದರ್ಭವೂ ಇದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ, ಶುಲ್ಕ ನಿಂತು, ಸಂಬಳವೂ ನಿಂತಾಗ ಕೆಲವರು ತರಕಾರಿ ಮಾರಿದರು, ಕೆಲವರು ಹಳ್ಳಿಗೆ ಹಿಂದಿರುಗಿ ಉದ್ಯೋಗ ಖಾತರಿಯ ಕೂಲಿಗೆ ಹೋದರು. 2021ರ ಜೂನಿನಲ್ಲಿ ರಾಜ್ಯ ಸರ್ಕಾರ ತಲಾ 5,000 ರೂಪಾಯಿಗಳ ಒಂದಾವರ್ತಿ ನೆರವನ್ನು ಪ್ರಕಟಿಸಿತು. ಮೊತ್ತ ಚಿಕ್ಕದು. ಆದರೆ ಇಷ್ಟು ಜನ ಅನುದಾನವಿಲ್ಲದೆ ನಾಡಿನ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆಂದು ಬೊಕ್ಕಸವು ಒಮ್ಮೆಯಾದರೂ ಒಪ್ಪಿಕೊಂಡಂತಾಯಿತು.

ಸರ್ಕಾರಿ ಶಾಲೆಯ ಕಡೆಗೆ ತಿರುಗಿದರೆ ಅಲ್ಲಿಯ ಕೊರತೆ ಬೇರೆ ಬಗೆಯದು. ಕಾಯಂ ಅಧ್ಯಾಪಕರ ವೇತನ ಭದ್ರ. 2024ರ ಆಗಸ್ಟಿನಿಂದ ಏಳನೆಯ ವೇತನ ಆಯೋಗದ ಶ್ರೇಣಿಯೂ ಬಂದಿತು, ರಾಜ್ಯ ನೌಕರರ ಕನಿಷ್ಠ ಮೂಲವೇತನ 27,000 ರೂಪಾಯಿಗೆ ಏರಿತು. ಆದರೆ ಖಾಲಿ ಹುದ್ದೆಗಳಲ್ಲಿ ಪಾಠ ನಡೆಸುವವರು ಅತಿಥಿ ಶಿಕ್ಷಕರು. ಅವರ ಗೌರವಧನವನ್ನು 2025-26ರ ಮುಂಗಡಪತ್ರದಲ್ಲಿ ತಿಂಗಳಿಗೆ 2,000 ರೂಪಾಯಿಯಷ್ಟು ಹೆಚ್ಚಿಸಿದ ಮೇಲೂ ಅದು ಆ ಕನಿಷ್ಠ ಮೂಲವೇತನದ ಅರ್ಧವನ್ನು ಮುಟ್ಟಲಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಅದೂ ಇಲ್ಲ. ಶಾಲೆಯ ದಿನವಹಿ ವೆಚ್ಚಕ್ಕೆ ಸಮಗ್ರ ಶಿಕ್ಷಣ ಯೋಜನೆಯು ಮಕ್ಕಳ ಸಂಖ್ಯೆಯನ್ನು ಹೊಂದಿಕೊಂಡ ಅನುದಾನವನ್ನು ಗೊತ್ತುಮಾಡಿತು: 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ, ಅದಕ್ಕಿಂತ ಮೇಲೆ 1,000ದ ವರೆಗೆ 75,000. ಸೀಮೆಸುಣ್ಣ, ಶೌಚಾಲಯದ ಶುಚಿತ್ವ, ಸೋರುವ ಸೂರಿನ ದುರಸ್ತಿ ಎಲ್ಲವೂ ಇದರಲ್ಲಿಯೇ. 260 ಮಕ್ಕಳ ಶಾಲೆಗೂ 900 ಮಕ್ಕಳ ಶಾಲೆಗೂ ಒಂದೇ ಮೊತ್ತ ಎಂಬುದನ್ನು ಕಂಡರೆ, ನಗರದ ಹೊರವಲಯದಲ್ಲಿ ವರ್ಷವರ್ಷವೂ ಮಕ್ಕಳು ಹೆಚ್ಚುವ ಶಾಲೆಯ ಮುಖ್ಯೋಪಾಧ್ಯಾಯರ ಪಾಡನ್ನು ಊಹಿಸಬಹುದು. ವಿದ್ಯುತ್ ಬಿಲ್ಲಿನ ಹೊರೆಯನ್ನಾದರೂ ತಾನೇ ಹೊರುವುದಾಗಿ ಸರ್ಕಾರ 2023ರ ರಾಜ್ಯೋತ್ಸವದಂದು ಸಾರಿದ್ದು ಅವರಿಗೆ ಸಮಾಧಾನ ತಂದಿರಬೇಕು.

ಕಡ್ಡಾಯ ಶಿಕ್ಷಣದ 2009ರ ಕಾಯಿದೆಯ ಮೇರೆಗೆ ಖಾಸಗಿ ಶಾಲೆಗಳಲ್ಲಿ ಕಾಲುಭಾಗ ಸ್ಥಾನಗಳನ್ನು ಬಡ ಮಕ್ಕಳಿಗೆ ಕೊಟ್ಟು, ಅವರ ಶುಲ್ಕವನ್ನು ಸರ್ಕಾರವೇ ತುಂಬುವ ಪದ್ಧತಿ ಕರ್ನಾಟಕದಲ್ಲಿ 2012ರಿಂದ ನಡೆಯಿತು. ಹೀಗೆ ಸರ್ಕಾರದ ಹಣ ಮಗುವಿನ ಕೈ ಹಿಡಿದು ಅನುದಾನರಹಿತ ಶಾಲೆಯೊಳಕ್ಕೆ ಹೋಯಿತು, ಆದರೆ ಅಲ್ಲಿಯ ಅಧ್ಯಾಪಕರ ವೇತನದ ಕುರಿತು ಯಾವ ಷರತ್ತನ್ನೂ ಹೊತ್ತು ಹೋಗಲಿಲ್ಲ. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಈ ಸೌಲಭ್ಯವಿಲ್ಲವೆಂದು 2019ರಿಂದ ನಿಯಮ ಬದಲಾದ ಮೇಲೆ ನಗರದಲ್ಲಿ ಅದು ಬಹುಮಟ್ಟಿಗೆ ನಿಂತಿತು.

ಶಿಕ್ಷಕರ ಕಲ್ಯಾಣನಿಧಿಯ ಬಗ್ಗೆಯೂ ಒಂದು ಮಾತು. ಶಿಕ್ಷಕರ ದಿನಾಚರಣೆ ಮೊದಲ್ಗೊಂಡ 1962ರಲ್ಲಿಯೇ ರಾಷ್ಟ್ರೀಯ ಶಿಕ್ಷಕ ಕಲ್ಯಾಣ ಪ್ರತಿಷ್ಠಾನವೂ ಸ್ಥಾಪಿತವಾಯಿತು. ನಮ್ಮ ರಾಜ್ಯದ ನಿಧಿಗೆ ಬರುವ ಹಣದ ಬಹುಪಾಲು ಶಿಕ್ಷಕರ ವಂತಿಗೆ, ಮಕ್ಕಳಿಂದ ಕೂಡಿಸಿದ ಚಿಲ್ಲರೆ, ಧ್ವಜದ ಮಾರಾಟ. ಕಷ್ಟಕ್ಕೊಳಗಾದವರ ಚಿಕಿತ್ಸೆಗೆ, ಮಕ್ಕಳ ಓದಿಗೆ, ತಾಲ್ಲೂಕುಗಳಲ್ಲಿ ಗುರುಭವನಗಳ ನಿರ್ಮಾಣಕ್ಕೆ ಅದು ಒದಗಿದೆ. ಶಿಕ್ಷಕರ ಕಲ್ಯಾಣಕ್ಕೆ ಶಿಕ್ಷಕರೇ ಹಣ ಎತ್ತುವುದು ಸ್ವಾವಲಂಬನೆಯೆಂದು ಹೊಗಳುವವರು ಹೊಗಳಲಿ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಏಳು ಸ್ಥಾನಗಳಿವೆ. ಆದರೆ ಸಂವಿಧಾನದ 171ನೆಯ ವಿಧಿಯಂತೆ ಅಲ್ಲಿ ಮತ ಹಾಕುವ ಅಧಿಕಾರ ಪ್ರೌಢಶಾಲೆಯ ಮಟ್ಟಕ್ಕಿಂತ ಕೆಳಗಿಲ್ಲದ ಶಾಲೆಗಳವರಿಗೆ ಮಾತ್ರ. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಅಧ್ಯಾಪಕರು ಆ ಮತಪಟ್ಟಿಯಲ್ಲಿಲ್ಲ.

ಅನುದಾನಕ್ಕೆ ಕಾದಿರುವ ಶಾಲೆಗಳಲ್ಲಿ ಇಂದು ದುಡಿಯುತ್ತಿರುವವರು ಕೆಲವು ಕಾಗದಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಒಳ್ಳೆಯದು: ದಿನಾಂಕವಿರುವ ನೇಮಕಾತಿ ಆದೇಶ, ಸೇರಿದ ವರದಿ, ಹಾಜರಿ ಪುಸ್ತಕದ ಹಾಗೂ ಬಟವಾಡೆ ಪುಸ್ತಕದ ನಕಲುಗಳು, ಭವಿಷ್ಯನಿಧಿಯ ಸಂಖ್ಯೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಶಾಲೆಯು ಪ್ರತಿವರ್ಷ ಕಳುಹಿಸುವ ಸಿಬ್ಬಂದಿ ಪಟ್ಟಿಯ ಪ್ರತಿ. 1987ರಿಂದ 1995ರ ಅವಧಿಯ ಶಾಲೆಗಳು ಅನುದಾನಕ್ಕೆ ಒಳಪಟ್ಟಾಗ ಹಳೆಯ ಸೇವೆಯನ್ನು ರುಜುವಾತುಪಡಿಸುವ ಹೊಣೆ ಅಧ್ಯಾಪಕರ ಮೇಲೆಯೇ ಬಿದ್ದಿತು. ಮಂಡಳಿಯ ಬೀರುವಿನಲ್ಲಿ ಗೆದ್ದಲು ಹಿಡಿದ ಪುಸ್ತಕಗಳಿಂದ ಯಾರ ಕೆಲಸವೂ ಆಗಲಿಲ್ಲ. ಆಡಳಿತ ಮಂಡಳಿಗಳಾದರೂ, ಸರ್ಕಾರದ ಆದೇಶಕ್ಕೆ ಕಾಯದೆ, ಪ್ರತಿಯೊಬ್ಬ ಅಧ್ಯಾಪಕರಿಗೂ ಸೇರಿದ ದಿನದಿಂದಲೇ ಒಂದು ಸೇವಾ ಪುಸ್ತಕವನ್ನು ತೆರೆದು ವರ್ಷಕ್ಕೊಮ್ಮೆ ಇಬ್ಬರೂ ಸಹಿ ಹಾಕುವ ಕ್ರಮವನ್ನು ಇಟ್ಟುಕೊಳ್ಳಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಪುಸ್ತಕದ ಬೆಲೆ ಮಾತ್ರ.